ಕಾಯಿಲೆ, ಸೈಕಲ್ಲು ಮತ್ತು ಛಲ

ಬೊಮ್ಮನಹಳ್ಳಿಯ ಹೊಸೂರು ರಸ್ತೆಯಲ್ಲಿ ಬೆಳಿಗ್ಗೆ ಎಂಟರ ಹೊತ್ತಿಗೆ ನಿಂತು ನೋಡಿದರೆ ಒಂದು ಊರಲ್ಲ, ಹತ್ತು ಊರು ಹರಿದು ಹೋಗುವುದು ಕಾಣುತ್ತದೆ. ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗುವ ಹೆಣ್ಣುಮಕ್ಕಳು, ಎಲೆಕ್ಟ್ರಾನಿಕ್ ಸಿಟಿಗೆ ಹೊರಟ ಕಂಪೆನಿ ಬಸ್ಸುಗಳು, 2010ರಲ್ಲಿ ತೆರೆದ ಎತ್ತರದ ರಸ್ತೆಯ ಮೇಲೆ ಓಡುವ ಕಾರುಗಳು, 2025ರ ಆಗಸ್ಟಿನಲ್ಲಿ ಆರಂಭವಾದ ಮೆಟ್ರೊ ರೈಲು. ಇವುಗಳ ನಡುವೆ, ರಸ್ತೆಯ ಅಂಚನ್ನೇ ನಂಬಿಕೊಂಡು, ಊಟದ ಡಬ್ಬಿ ನೇತು ಹಾಕಿಕೊಂಡ ಸೈಕಲ್ಲುಗಳು.

ಇದೇ ರಸ್ತೆಗೆ ಇನ್ನೊಂದು ಮುಖವಿದೆ. ಬೊಮ್ಮನಹಳ್ಳಿಯಿಂದ ನಗರದ ಕಡೆಗೆ ಹೋದರೆ 1973ರಲ್ಲಿ ಆರಂಭವಾದ ಕಿದ್ವಾಯಿ ಆಸ್ಪತ್ರೆ ಸಿಗುತ್ತದೆ. ಹೊಸೂರಿನ ಕಡೆಗೆ ಹೋದರೆ ಬೊಮ್ಮಸಂದ್ರದಲ್ಲಿ ಇನ್ನೊಂದು ದೊಡ್ಡ ಕ್ಯಾನ್ಸರ್ ಆಸ್ಪತ್ರೆಯಿದೆ. ಹೀಗಾಗಿ ಈ ರಸ್ತೆಯ ಬಸ್ಸಿನಲ್ಲಿ ಕೆಲಸಕ್ಕೆ ಹೋಗುವವರ ಪಕ್ಕದಲ್ಲೇ ಎಕ್ಸ್‌ರೇ ಲಕೋಟೆ ಹಿಡಿದು ಕೂತವರೂ ಇರುತ್ತಾರೆ. ಅವರಿಗೆ ನೆಂಟರಿಷ್ಟರು ಹೇಳುವ ಸಮಾಧಾನದ ಮಾತು ಒಂದೇ: ‘ಛಲ ಬಿಡಬೇಡ, ಧೈರ್ಯವಾಗಿದ್ದರೆ ಎಲ್ಲ ವಾಸಿಯಾಗುತ್ತದೆ.’

ಮಾತು ಒಳ್ಳೆಯದೇ. ಆದರೆ ಅದು ಎಷ್ಟರ ಮಟ್ಟಿಗೆ ನಿಜ? ಛಲ ಕಾಯಿಲೆಯನ್ನು ಗುಣಪಡಿಸುತ್ತದೆಯೆ? ಹಾಗಿದ್ದರೆ ಗುಣವಾಗದೆ ಹೋದವರಿಗೆ ಛಲವಿರಲಿಲ್ಲವೆಂದು ಅರ್ಥವೆ? ಈ ಪ್ರಶ್ನೆಗೆ ಉತ್ತರ ಹುಡುಕಲು ಇಬ್ಬರು ಸೈಕಲ್ ಸವಾರರ ಜೀವನ ಸಹಾಯ ಮಾಡುತ್ತದೆ. ಒಬ್ಬನ ಹೆಸರು ಜಗತ್ತಿಗೆಲ್ಲ ಗೊತ್ತು. ಇನ್ನೊಬ್ಬಾಕೆಯ ಹೆಸರು ನಮ್ಮಲ್ಲಿ ಕೇಳಿದವರು ಕಡಿಮೆ.

ಮುಚ್ಚಿಟ್ಟ ನೋವು

ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಅಮೆರಿಕದ ಟೆಕ್ಸಾಸಿನವನು. ಹುಟ್ಟಿದ್ದು 1971ರಲ್ಲಿ. 1993ರಲ್ಲಿ, ಇನ್ನೂ ಇಪ್ಪತ್ತೆರಡು ತುಂಬುವ ಮೊದಲೇ, ರಸ್ತೆ ಸೈಕ್ಲಿಂಗ್‌ನ ವಿಶ್ವ ಚಾಂಪಿಯನ್ ಆದ. ದೂರದ ಸೈಕಲ್ ಸ್ಪರ್ಧೆಗಳಲ್ಲಿ ಮೈಕೈ ನೋವು ದಿನನಿತ್ಯದ್ದು. ನೋವನ್ನು ಲೆಕ್ಕಿಸದೆ ಮುಂದೆ ಹೋಗುವುದನ್ನೇ ಅಲ್ಲಿ ಕಲಿಸುತ್ತಾರೆ. ಆರ್ಮ್‌ಸ್ಟ್ರಾಂಗ್ ಈ ಪಾಠವನ್ನು ಚೆನ್ನಾಗಿಯೇ ಕಲಿತಿದ್ದ. ಅದೇ ಅವನಿಗೆ ಮುಳುವಾಯಿತು.

1996ರಲ್ಲಿ ಅವನ ಒಂದು ವೃಷಣ ಊದಿಕೊಂಡಿತು. ಸೀಟಿನ ಮೇಲೆ ಗಂಟೆಗಟ್ಟಲೆ ಕೂರುವುದರಿಂದ ಹೀಗಾಗಿರಬಹುದೆಂದು ಸುಮ್ಮನಾದ. ಸುಸ್ತು ಹೆಚ್ಚಿತು, ಅದನ್ನೂ ನುಂಗಿಕೊಂಡ. ಕೊನೆಗೆ ಕೆಮ್ಮಿದಾಗ ರಕ್ತ ಬಂತು. 1996ರ ಅಕ್ಟೋಬರ್ 2ರಂದು ಪರೀಕ್ಷೆ ಮಾಡಿದ ವೈದ್ಯರು ವೃಷಣದ ಕ್ಯಾನ್ಸರ್ ಎಂದರು. ಅದು ಆಗಲೇ ಹೊಟ್ಟೆಗೆ ಮತ್ತು ಶ್ವಾಸಕೋಶಕ್ಕೆ ಹರಡಿತ್ತು. ಕೆಲವೇ ದಿನಗಳಲ್ಲಿ ಮಿದುಳಿನಲ್ಲೂ ಗಡ್ಡೆಗಳಿರುವುದು ತಿಳಿಯಿತು. ಆಗ ಅವನಿಗೆ ಇಪ್ಪತ್ತೈದು ವರ್ಷ.

ಮರುದಿನವೇ ಊದಿದ ವೃಷಣವನ್ನು ತೆಗೆದರು. ಅದೇ ತಿಂಗಳು ಇಂಡಿಯಾನಾಪೊಲಿಸ್ ನಗರದ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಮಿದುಳಿನ ಶಸ್ತ್ರಚಿಕಿತ್ಸೆ ನಡೆಯಿತು. ಅನಂತರ ನಾಲ್ಕು ಸುತ್ತು ಕೀಮೊಥೆರಪಿ. ವಾಡಿಕೆಯ ಔಷಧಿಗಳಲ್ಲೊಂದಾದ ಬ್ಲಿಯೊಮೈಸಿನ್ ಶ್ವಾಸಕೋಶವನ್ನು ಗಟ್ಟಿಯಾಗಿಸುವ ಅಪಾಯವಿತ್ತು. ಉಸಿರನ್ನೇ ಬಂಡವಾಳ ಮಾಡಿಕೊಂಡ ಸವಾರನಿಗೆ ಅದು ಬೇಡವೆಂದು ಇಂಡಿಯಾನಾದ ವೈದ್ಯರು ಅದರ ಬದಲು ಬೇರೆ ಔಷಧಿ ಕೊಟ್ಟರು. ಆ ಔಷಧಿಯಿಂದ ವಾಂತಿ, ಸಂಕಟ ಹೆಚ್ಚು. ಆದರೆ ಶ್ವಾಸಕೋಶ ಉಳಿಯುತ್ತದೆ. ಡಿಸೆಂಬರಿನಲ್ಲಿ ಕೊನೆಯ ಸುತ್ತು ಮುಗಿಯಿತು. ಅವನು ಬದುಕಿದ.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಅವನನ್ನು ಬದುಕಿಸಿದ್ದು ಯಾವುದು? ಅವನ ಛಲವೆ? ಛಲ ಇದ್ದದ್ದು ನಿಜ. ಆದರೆ ಇಪ್ಪತ್ತೈದು ವರ್ಷ ಹಿಂದೆ ಅದೇ ಕಾಯಿಲೆ ಅದೇ ಮಟ್ಟದಲ್ಲಿ ಬಂದಿದ್ದರೆ ಎಂಥ ಛಲವಂತನೂ ಉಳಿಯುವುದು ಅಪರೂಪವಾಗಿತ್ತು. ನಡುವೆ ಏನಾಯಿತೆಂದು ತಿಳಿಯಲು ಒಂದು ಪ್ರಯೋಗಶಾಲೆಯೊಳಕ್ಕೆ ಇಣುಕಬೇಕು.

ಪ್ಲಾಟಿನಂ ತಂತಿಯ ಕಥೆ

ಆಯಸ್ಕಾಂತದ ಮೇಲೆ ಕಾಗದವಿಟ್ಟು ಕಬ್ಬಿಣದ ಪುಡಿ ಉದುರಿಸಿದರೆ ಪುಡಿಯೆಲ್ಲ ಬಾಗಿದ ಗೆರೆಗಳಾಗಿ ಜೋಡಿಸಿಕೊಳ್ಳುವುದನ್ನು ಶಾಲೆಯಲ್ಲಿ ಎಲ್ಲರೂ ನೋಡಿರುತ್ತಾರೆ. ಒಂದು ಜೀವಕೋಶ ಎರಡಾಗಿ ಒಡೆಯುವ ಚಿತ್ರವನ್ನೂ ಜೀವಶಾಸ್ತ್ರದ ಪುಸ್ತಕದಲ್ಲಿ ನೋಡಿರುತ್ತಾರೆ. ಎರಡು ತುದಿ, ನಡುವೆ ಬಾಗಿದ ಎಳೆಗಳು. ಇವೆರಡೂ ಒಂದೇ ತರಹ ಕಾಣುತ್ತವೆಯಲ್ಲ, ಹಾಗಾದರೆ ಕೋಶ ಒಡೆಯುವುದರಲ್ಲಿ ವಿದ್ಯುತ್ತಿನ ಕೈವಾಡವೇನಾದರೂ ಇರಬಹುದೆ ಎಂದು ಯೋಚಿಸಿದವರು ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಬಾರ್ನೆಟ್ ರೋಸೆನ್‌ಬರ್ಗ್.

ಅವರು ಬ್ಯಾಕ್ಟೀರಿಯಾಗಳು ಬೆಳೆಯುತ್ತಿದ್ದ ದ್ರಾವಣಕ್ಕೆ ಪ್ಲಾಟಿನಂ ವಿದ್ಯುದಗ್ರಗಳನ್ನು ಇಳಿಬಿಟ್ಟು ವಿದ್ಯುತ್ ಹಾಯಿಸಿದರು. ವಿಚಿತ್ರವೊಂದು ನಡೆಯಿತು. ಬ್ಯಾಕ್ಟೀರಿಯಾಗಳು ಸಾಯಲಿಲ್ಲ, ಆದರೆ ಒಡೆಯುವುದನ್ನು ನಿಲ್ಲಿಸಿದವು. ಒಡೆಯದೆ ಬೆಳೆಯುತ್ತಲೇ ಹೋಗಿ ಮಾಮೂಲಿಗಿಂತ ಸುಮಾರು ಮುನ್ನೂರು ಪಟ್ಟು ಉದ್ದದ ದಾರಗಳಂತಾದವು. ವಿದ್ಯುತ್ತಿನ ಪ್ರಭಾವವೇ ಇದು ಎಂದು ಘೋಷಿಸಿಬಿಡುವುದು ಸುಲಭವಾಗಿತ್ತು. ರೋಸೆನ್‌ಬರ್ಗ್ ಮತ್ತು ಜೊತೆಯವರು ಹಾಗೆ ಮಾಡಲಿಲ್ಲ. ಒಂದೊಂದೇ ಕಾರಣವನ್ನು ಬೇರ್ಪಡಿಸಿ ಪರೀಕ್ಷಿಸಿದರು. ಕೊನೆಗೆ ತಿಳಿದದ್ದು, ಕೆಲಸ ಮಾಡಿದ್ದು ವಿದ್ಯುತ್ತಲ್ಲ. ಸುಲಭಕ್ಕೆ ಕರಗುವುದಿಲ್ಲವೆಂದು ನಂಬಿದ್ದ ಪ್ಲಾಟಿನಂ ಅತ್ಯಲ್ಪ ಪ್ರಮಾಣದಲ್ಲಿ ದ್ರಾವಣಕ್ಕೆ ಸೇರಿ ಹೊಸ ಸಂಯುಕ್ತಗಳಾಗಿತ್ತು. 1965ರಲ್ಲಿ ಈ ಸಂಗತಿ ಪ್ರಕಟವಾಯಿತು.

ಅಂಥ ಸಂಯುಕ್ತಗಳಲ್ಲಿ ಒಂದನ್ನು ಇಟಲಿಯ ಮೈಕೆಲೆ ಪೆಯ್ರೋನೆ 1845ರಲ್ಲೇ ತಯಾರಿಸಿದ್ದರು. ನೂರಿಪ್ಪತ್ತು ವರ್ಷ ಅದು ರಸಾಯನಶಾಸ್ತ್ರದ ಪುಸ್ತಕಗಳಲ್ಲಿ ಸುಮ್ಮನೆ ಕೂತಿತ್ತು. ಈಗ ಅದರ ಹೆಸರು ಸಿಸ್‌ಪ್ಲಾಟಿನ್. ಬ್ಯಾಕ್ಟೀರಿಯಾ ಒಡೆಯುವುದನ್ನು ನಿಲ್ಲಿಸುವ ವಸ್ತು, ಲಂಗುಲಗಾಮಿಲ್ಲದೆ ಒಡೆಯುವ ಕ್ಯಾನ್ಸರ್ ಕೋಶವನ್ನು ನಿಲ್ಲಿಸಬಾರದೇಕೆ? ಇಲಿಗಳ ಮೇಲಿನ ಪ್ರಯೋಗದಲ್ಲಿ ಗಡ್ಡೆಗಳು ಕರಗಿದವು. 1969ರಲ್ಲಿ ಅದೂ ಪ್ರಕಟವಾಯಿತು. ಕೋಶದೊಳಗಿನ ಡಿಎನ್‌ಎ ಎಳೆಗಳಿಗೆ ಸಿಸ್‌ಪ್ಲಾಟಿನ್ ಅಂಟಿಕೊಂಡು ಗಂಟು ಹಾಕಿದಂತೆ ಮಾಡುತ್ತದೆ. ಗಂಟು ಬಿದ್ದ ಎಳೆಯನ್ನು ನಕಲು ಮಾಡಲಾಗದೆ ಕೋಶ ಸಾಯುತ್ತದೆ. ಬೇಗ ಬೇಗ ಒಡೆಯುವ ಕೋಶಗಳ ಮೇಲೆ ಕೀಮೋ ಔಷಧಿಗಳ ಪೆಟ್ಟು ಹೆಚ್ಚು. ಕೀಮೋ ತೆಗೆದುಕೊಳ್ಳುವವರ ಕೂದಲು ಉದುರುವುದೂ ಬಾಯಿ ಹುಣ್ಣಾಗುವುದೂ ಇದೇ ಕಾರಣಕ್ಕೆ. ಕೂದಲ ಬುಡದ ಕೋಶಗಳೂ ಬಾಯಿಯ ಒಳಪೊರೆಯ ಕೋಶಗಳೂ ಬೇಗ ಒಡೆಯುವಂಥವೇ.

1974ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದ ತರುಣ ವೈದ್ಯ ಲಾರೆನ್ಸ್ ಐನ್‌ಹಾರ್ನ್ ಅವರ ಬಳಿ ಜಾನ್ ಕ್ಲೆಲ್ಯಾಂಡ್ ಎಂಬ ಕಾಲೇಜು ವಿದ್ಯಾರ್ಥಿಯಿದ್ದ. ಅವನದೂ ವೃಷಣದ ಕ್ಯಾನ್ಸರ್. ಆಗ ಸಿಗುತ್ತಿದ್ದ ಔಷಧಿಗಳೆಲ್ಲ ಸೋತಿದ್ದವು. ಕಾಯಿಲೆ ಹರಡಿದ ಮೇಲೆ ನೂರರಲ್ಲಿ ಹತ್ತು ಮಂದಿ ಉಳಿದರೆ ಹೆಚ್ಚು ಎನ್ನುವ ಕಾಲ ಅದು. ಐನ್‌ಹಾರ್ನ್ ಸಿಸ್‌ಪ್ಲಾಟಿನ್ ಅನ್ನು ಇನ್ನೆರಡು ಔಷಧಿಗಳ ಜೊತೆ ಸೇರಿಸಿ ಕೊಟ್ಟರು. ಗಡ್ಡೆಗಳು ಮಾಯವಾದವು. ಕ್ಲೆಲ್ಯಾಂಡ್ ಆಮೇಲೆ ದಶಕಗಳ ಕಾಲ ಬಾಳಿದರು. ಮದುವೆಯಾಗಿ ಮಕ್ಕಳ ತಂದೆಯಾದರು. ಅವರು ಆರಿಸಿಕೊಂಡ ವೃತ್ತಿ ಶಾಲೆಯಲ್ಲಿ ಜೀವಶಾಸ್ತ್ರ ಹೇಳಿಕೊಡುವುದು ಮತ್ತು ಹುಡುಗರಿಗೆ ಓಟ ಕಲಿಸುವುದು.

ಅಮೆರಿಕದಲ್ಲಿ ಸಿಸ್‌ಪ್ಲಾಟಿನ್‌ಗೆ ಅನುಮತಿ ಸಿಕ್ಕಿದ್ದು 1978ರಲ್ಲಿ. ಇಂದು ವೃಷಣದ ಕ್ಯಾನ್ಸರ್ ಬೇಗ ಪತ್ತೆಯಾದರೆ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ. ನಮ್ಮ ಕ್ರಿಕೆಟ್ ಆಟಗಾರ ಯುವರಾಜ್ ಸಿಂಗ್ ಅವರಿಗೆ ಇದೇ ಜಾತಿಗೆ ಸೇರಿದ ಗಡ್ಡೆ ಎರಡು ಶ್ವಾಸಕೋಶಗಳ ನಡುವೆ ಬೆಳೆದಿತ್ತು. 2011ರ ವಿಶ್ವಕಪ್ ಆಡುವಾಗಲೇ ಉಸಿರಾಟದ ತೊಂದರೆಯಿತ್ತು. 2012ರ ಆರಂಭದಲ್ಲಿ ಅವರು ಚಿಕಿತ್ಸೆಗೆ ಹೋದದ್ದೂ ಇಂಡಿಯಾನಾಪೊಲಿಸ್‌ಗೆ, ಅದೇ ಐನ್‌ಹಾರ್ನ್ ಅವರ ಬಳಿಗೆ. ಆ ಸೆಪ್ಟೆಂಬರಿನಲ್ಲಿ ಚೆನ್ನೈಯಲ್ಲಿ ಮತ್ತೆ ಭಾರತ ತಂಡದ ಪರವಾಗಿ ಆಡಿದರು.

ಆರ್ಮ್‌ಸ್ಟ್ರಾಂಗ್ ಉಳಿದದ್ದರ ಹಿಂದೆ ಇಷ್ಟೆಲ್ಲ ಜನರ ಪಟ್ಟುಬಿಡದ ದುಡಿಮೆಯಿದೆ. ಛಲವೆಂದರೆ ರೋಗಿಯೊಬ್ಬನ ಸೊತ್ತಲ್ಲ. ತಪ್ಪು ಊಹೆಯಿಂದ ಹೊರಟು, ಅದು ತಪ್ಪೆಂದು ಒಪ್ಪಿಕೊಂಡು, ನಿಜ ಸಿಗುವ ತನಕ ಹುಡುಕಿದ ವಿಜ್ಞಾನಿಯ ಛಲವೂ ಅದರಲ್ಲಿ ಸೇರಿದೆ.

ಗೆಲುವು ಮತ್ತು ಸುಳ್ಳು

ಚಿಕಿತ್ಸೆ ಮುಗಿದಾಗ ಆರ್ಮ್‌ಸ್ಟ್ರಾಂಗ್‌ನನ್ನು ಅವನ ತಂಡ ಕೈಬಿಟ್ಟಿತು. 1998ರಲ್ಲಿ ಇನ್ನೊಂದು ತಂಡ ಸೇರಿ ಮತ್ತೆ ಸ್ಪರ್ಧೆಗಿಳಿದ. 1999ರಲ್ಲಿ ಟೂರ್ ದ ಫ್ರಾನ್ಸ್ ಗೆದ್ದ. ಇದು 1903ರಲ್ಲಿ ಆರಂಭವಾದ, ಸುಮಾರು ಮೂರು ವಾರ ನಡೆಯುವ, ಮೂರೂವರೆ ಸಾವಿರ ಕಿಲೋಮೀಟರಿನಷ್ಟು ದೂರದ, ಆಲ್ಪ್ಸ್ ಮತ್ತು ಪಿರಿನೀಸ್ ಪರ್ವತಗಳನ್ನು ಹತ್ತಿ ಇಳಿಯುವ ಸ್ಪರ್ಧೆ. 2005ರ ವರೆಗೆ ಸತತವಾಗಿ ಏಳು ಸಲ ಗೆದ್ದ. ಅವನು ಸ್ಥಾಪಿಸಿದ್ದ ಸಂಸ್ಥೆ 2004ರಲ್ಲಿ ಹೊರತಂದ ಹಳದಿ ಕೈಪಟ್ಟಿಯನ್ನು ಕೋಟ್ಯಂತರ ಜನ ಧರಿಸಿದರು. ಆಸ್ಪತ್ರೆಯ ಹಾಸಿಗೆಯ ಮೇಲಿದ್ದವರು ಅವನ ಆತ್ಮಕಥೆ ಓದಿ ಕಣ್ಣೊರೆಸಿಕೊಂಡರು. ಶಾಲೆಯ ಭಾಷಣಗಳಲ್ಲಿ ಅವನ ಉದಾಹರಣೆ ಬಂತು.

2012ರ ಅಕ್ಟೋಬರಿನಲ್ಲಿ ಅಮೆರಿಕದ ಉದ್ದೀಪನ ಮದ್ದು ತಡೆ ಸಂಸ್ಥೆ ಒಂದು ದೊಡ್ಡ ವರದಿ ಹೊರಗೆಡವಿತು. ಇಪ್ಪತ್ತಾರು ಜನ ಸಾಕ್ಷಿ ಹೇಳಿದ್ದರು. ಅವರಲ್ಲಿ ಹನ್ನೊಂದು ಮಂದಿ ಅವನ ತಂಡದಲ್ಲೇ ಇದ್ದ ಸವಾರರು. ಅಕ್ಟೋಬರ್ 22ರಂದು ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಏಳೂ ಪ್ರಶಸ್ತಿಗಳನ್ನು ಕಿತ್ತುಕೊಂಡಿತು. 2013ರ ಜನವರಿಯಲ್ಲಿ ಟಿವಿ ಸಂದರ್ಶನವೊಂದರಲ್ಲಿ ಆತನೇ ತಪ್ಪೊಪ್ಪಿಕೊಂಡ. ಏಳು ಗೆಲುವಿನಲ್ಲಿ ಒಂದೂ ಶುದ್ಧವಾಗಿರಲಿಲ್ಲ.

ಅವನು ಬಳಸಿದ ಮದ್ದುಗಳಲ್ಲಿ ಮುಖ್ಯವಾದದ್ದು ಇಪಿಒ. ಇದು ವಿಷವಲ್ಲ. ನಮ್ಮ ಮೂತ್ರಪಿಂಡಗಳೇ ತಯಾರಿಸುವ ಹಾರ್ಮೋನು. ರಕ್ತದಲ್ಲಿ ಆಮ್ಲಜನಕ ಕಡಿಮೆಯಾದರೆ ಮೂತ್ರಪಿಂಡ ಇದನ್ನು ಸುರಿಸಿ, ಕೆಂಪು ರಕ್ತಕಣ ಹೆಚ್ಚು ಮಾಡುವಂತೆ ಅಸ್ಥಿಮಜ್ಜೆಗೆ ಹೇಳಿ ಕಳಿಸುತ್ತದೆ. ಮೂತ್ರಪಿಂಡ ಕೆಟ್ಟು ರಕ್ತಹೀನತೆಯಿಂದ ಬಳಲುವವರಿಗೆಂದು ಇದನ್ನು ಔಷಧಿಯಾಗಿ ತಯಾರಿಸಿದರು. ಆರೋಗ್ಯವಂತ ಸವಾರ ಇದನ್ನು ಚುಚ್ಚಿಸಿಕೊಂಡರೆ ಕೆಂಪುಕಣ ಹೆಚ್ಚಿ, ಸ್ನಾಯುಗಳಿಗೆ ಆಮ್ಲಜನಕ ಹೆಚ್ಚು ಸಿಗುತ್ತದೆ. ಜೊತೆಗೆ ರಕ್ತ ಮಂದವಾಗಿ ಹೃದಯಕ್ಕೂ ಮಿದುಳಿಗೂ ಅಪಾಯ ತಟ್ಟುತ್ತದೆ. ದೇಹದಲ್ಲಿರುವ ಹಾರ್ಮೋನನ್ನೇ ಹೋಲುವುದರಿಂದ ಹಿಡಿಯುವುದು ಕಷ್ಟವಾಗಿತ್ತು. ಇಪಿಒ ಪತ್ತೆಮಾಡುವ ಮೂತ್ರ ಪರೀಕ್ಷೆ ಬಂದದ್ದೇ 2000ದ ಸಿಡ್ನಿ ಒಲಿಂಪಿಕ್ಸ್ ಹೊತ್ತಿಗೆ.

ರೋಗಿಗಳಿಗೆಂದು ಮಾಡಿದ ಔಷಧಿಯನ್ನು, ಔಷಧಿಯಿಂದಲೇ ಜೀವ ಉಳಿಸಿಕೊಂಡವನು, ಮೋಸಕ್ಕೆ ಬಳಸಿದ. ಅದಕ್ಕಿಂತ ನೋವಿನ ಸಂಗತಿಯೆಂದರೆ, ನಿಜ ಹೇಳಿದವರನ್ನು ಸುಳ್ಳುಗಾರರೆಂದು ವರ್ಷಗಟ್ಟಲೆ ಜರೆದ, ಕೋರ್ಟಿಗೆಳೆದ. ಹಾಗೆ ಪೆಟ್ಟು ತಿಂದವರಲ್ಲಿ ತಂಡದ ಸವಾರರಿಗೆ ಮಾಲೀಸು ಮಾಡುತ್ತಿದ್ದ ಒಬ್ಬ ಹೆಣ್ಣುಮಗಳೂ ಇದ್ದಳು.

ಮಕ್ಕಳು ಇಲ್ಲಿ ಒಂದು ಪ್ರಶ್ನೆ ಕೇಳಬಹುದು. ಹಾಗಾದರೆ ಅವನು ಕ್ಯಾನ್ಸರಿನ ವಿರುದ್ಧ ಹೋರಾಡಿದ್ದೂ ಸುಳ್ಳೆ? ಅಲ್ಲ. ಅದು ನಿಜ. ಅವನ ಸಂಸ್ಥೆಯಿಂದ ರೋಗಿಗಳಿಗೆ ಸಹಾಯವಾದದ್ದೂ ನಿಜ. ಒಬ್ಬ ಮನುಷ್ಯನಲ್ಲಿ ಎರಡೂ ಇರಬಲ್ಲವು. ಛಲ ಎನ್ನುವುದು ಸೈಕಲ್ಲಿನ ಪೆಡಲಿನ ಹಾಗೆ. ಮುಂದಕ್ಕೆ ನೂಕುತ್ತದೆ ಅಷ್ಟೆ. ಯಾವ ದಾರಿಗೆ ಎನ್ನುವುದನ್ನು ಹ್ಯಾಂಡಲು ಹಿಡಿದ ಕೈ ತೀರ್ಮಾನಿಸುತ್ತದೆ. ‘ಏನಾದರೂ ಮಾಡಿ ಮೊದಲನೆಯವನಾಗು’ ಎಂದು ಮಕ್ಕಳಿಗೆ ಹೇಳುವ ಮನೆಗಳು ಈ ‘ಏನಾದರೂ’ ಎಂಬ ಪದವನ್ನು ಒಮ್ಮೆ ತೂಗಿ ನೋಡಬೇಕು.

ಗುಣವಾಗದ ಕಾಯಿಲೆ, ಮುಗಿಸಿದ ದಾರಿ

ಇನ್ನೊಬ್ಬಾಕೆ ಇಂಗ್ಲೆಂಡಿನ ಜೇನ್ ಟಾಮ್ಲಿನ್‌ಸನ್. ಲೀಡ್ಸ್ ನಗರದ ಆಸ್ಪತ್ರೆಯಲ್ಲಿ ಮಕ್ಕಳಿಗೆ ಎಕ್ಸ್‌ರೇ ತೆಗೆಯುವ ಕೆಲಸ. ಮೂರು ಮಕ್ಕಳ ತಾಯಿ. 1990ರಲ್ಲಿ, ಇಪ್ಪತ್ತಾರನೆಯ ವಯಸ್ಸಿನಲ್ಲಿ, ಸ್ತನ ಕ್ಯಾನ್ಸರ್ ಬಂತು. ಚಿಕಿತ್ಸೆಯಾಯಿತು. 2000ದಲ್ಲಿ ಅದು ಮತ್ತೆ ಕಾಣಿಸಿಕೊಂಡು ದೇಹದಲ್ಲಿ ಹರಡಿತು. ಇನ್ನು ಗುಣವಾಗುವುದಿಲ್ಲ, ಉಳಿದಿರುವುದು ತಿಂಗಳ ಲೆಕ್ಕ ಎಂದು ವೈದ್ಯರು ಸ್ಪಷ್ಟವಾಗಿ ಹೇಳಿದರು.

ಜೇನ್ ಹುಟ್ಟು ಕ್ರೀಡಾಪಟುವೇನೂ ಆಗಿರಲಿಲ್ಲ. ಸುದ್ದಿ ತಿಳಿದ ಮೇಲೆ ಓಡಲು ಆರಂಭಿಸಿದರು. 2002ರಲ್ಲಿ ಲಂಡನ್ ಮ್ಯಾರಥಾನ್ ಮುಗಿಸಿದರು. 2003ರಲ್ಲಿ ತಮ್ಮನ ಜೊತೆ ಇಬ್ಬರು ತುಳಿಯುವ ಸೈಕಲ್ಲಿನಲ್ಲಿ ಬ್ರಿಟನ್ನಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋದರು. 2004ರಲ್ಲಿ ರೋಮ್‌ನಿಂದ ತಮ್ಮ ಊರಿಗೆ ಸೈಕಲ್ ತುಳಿದರು. 2006ರ ಬೇಸಿಗೆಯಲ್ಲಿ ಅಮೆರಿಕದ ಪಶ್ಚಿಮದ ಸ್ಯಾನ್ ಫ್ರಾನ್ಸಿಸ್ಕೊದಿಂದ ಪೂರ್ವದ ನ್ಯೂಯಾರ್ಕಿಗೆ ಹೊರಟರು. ಸುಮಾರು 6,700 ಕಿಲೋಮೀಟರು, ಒಂಬತ್ತು ವಾರ. ದಿನಕ್ಕೆ ಸರಾಸರಿ ನೂರು ಕಿಲೋಮೀಟರಿಗೂ ಹೆಚ್ಚು, ಅಂದರೆ ದಿನವೂ ಬೆಂಗಳೂರಿನಿಂದ ಮಂಡ್ಯಕ್ಕೆ ತುಳಿದ ಹಾಗೆ. ಮೈಯಲ್ಲಿ ಕ್ಯಾನ್ಸರ್ ಇತ್ತು, ನೋವು ಇತ್ತು. ಸೆಪ್ಟೆಂಬರಿನ ಆರಂಭದಲ್ಲಿ ನ್ಯೂಯಾರ್ಕ್ ಮುಟ್ಟಿದರು. ಅದಾಗಿ ಒಂದು ವರ್ಷಕ್ಕೆ, 2007ರ ಸೆಪ್ಟೆಂಬರ್ 3ರಂದು, ನಲವತ್ತಮೂರನೆಯ ವಯಸ್ಸಿನಲ್ಲಿ ತೀರಿಕೊಂಡರು. ಅಷ್ಟರೊಳಗೆ ಮಕ್ಕಳ ಆರೈಕೆಗೆ ಮತ್ತು ಕ್ಯಾನ್ಸರ್ ಸೇವೆಗೆ 18 ಲಕ್ಷ ಪೌಂಡಿಗೂ ಮಿಕ್ಕಿ ಹಣ ಕೂಡಿಸಿಕೊಟ್ಟಿದ್ದರು.

ಅವರು ಸೈಕಲ್ ತುಳಿದದ್ದರಿಂದ ಕ್ಯಾನ್ಸರ್ ವಾಸಿಯಾಗಲಿಲ್ಲ. ಆಗುತ್ತದೆಂದು ಅವರೂ ನಂಬಿರಲಿಲ್ಲ. ಹಾಗಿದ್ದರೂ ಯಾರಾದರೂ ಅವರಿಗೆ ಛಲ ಸಾಲಲಿಲ್ಲ ಎಂದಾರೆಯೆ? ಛಲವಿದ್ದರೆ ಎಲ್ಲ ವಾಸಿಯಾಗುತ್ತದೆ ಎಂಬ ಮಾತಿನ ಕುಂದು ಇಲ್ಲಿ ಕಾಣುತ್ತದೆ. ಕಾಯಿಲೆ ವಾಸಿಯಾಗುವುದು ಯಾವ ಜಾತಿಯ ಗಡ್ಡೆ, ಎಷ್ಟು ಬೇಗ ಪತ್ತೆಯಾಯಿತು, ಅದಕ್ಕೆ ಔಷಧಿ ಇದೆಯೆ, ಔಷಧಿ ಕೈಗೆಟುಕುತ್ತದೆಯೆ ಎಂಬುದರ ಮೇಲೆ. ಮನೆಯೊಂದರಲ್ಲಿ ತಂದೆಯೋ ತಾಯಿಯೋ ಕ್ಯಾನ್ಸರಿನಿಂದ ತೀರಿಕೊಂಡರೆ ಅಲ್ಲಿನ ಮಕ್ಕಳು ‘ಅಪ್ಪ ಇನ್ನೂ ಸ್ವಲ್ಪ ಧೈರ್ಯ ಮಾಡಬೇಕಿತ್ತೇನೋ’, ‘ನಾವು ಸರಿಯಾಗಿ ನೋಡಿಕೊಳ್ಳಲಿಲ್ಲವೇನೋ’ ಎಂದು ಒಳಗೊಳಗೇ ಕೊರಗುವುದುಂಟು. ಆ ಕೊರಗಿಗೆ ಕಾರಣವಿಲ್ಲ. ಹೋದವರು ಸೋತವರಲ್ಲ.

ಹಾಗಾದರೆ ಛಲ ಯಾವುದಕ್ಕೆ ಬೇಕು? ಚಿಕಿತ್ಸೆಯನ್ನು ಅರ್ಧಕ್ಕೆ ಬಿಡದಿರುವುದಕ್ಕೆ ಬೇಕು. ವಾಂತಿಯಾದರೂ ಎರಡು ತುತ್ತು ಉಣ್ಣುವುದಕ್ಕೆ ಬೇಕು. ಉಳಿದಿರುವ ದಿನ ಎಷ್ಟೇ ಇರಲಿ, ಅದನ್ನು ಬಾಳುವುದಕ್ಕೆ ಬೇಕು.

ಗಂಟೆಗೆ ಹದಿನೈದು ಕಿಲೋಮೀಟರು

ದೂರದ ಸೈಕಲ್ ಸವಾರಿಯಲ್ಲಿ ಬ್ರೆವೆ ಎಂಬ ಬಗೆಯೊಂದಿದೆ. ಫ್ರಾನ್ಸಿನಲ್ಲಿ ಹುಟ್ಟಿದ್ದು. ಬೆಂಗಳೂರಿನಲ್ಲೂ ನಡೆಯುತ್ತದೆ. ಇದರಲ್ಲಿ ಮೊದಲ ಬಹುಮಾನ, ಎರಡನೆಯ ಬಹುಮಾನ ಎಂದಿಲ್ಲ. ಗೊತ್ತಾದ ದೂರವನ್ನು ಗೊತ್ತಾದ ಅವಧಿಯೊಳಗೆ ಮುಗಿಸಿದವರೆಲ್ಲ ಉತ್ತೀರ್ಣರು. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 300ಕ್ಕೆ ಇಪ್ಪತ್ತು, 400ಕ್ಕೆ ಇಪ್ಪತ್ತೇಳು, 600ಕ್ಕೆ ನಲವತ್ತು ಗಂಟೆ. 1891ರಲ್ಲಿ ಆರಂಭವಾದ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಸವಾರಿ ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ. ದೂರ ಸುಮಾರು 1,200 ಕಿಲೋಮೀಟರು, ಬೆಂಗಳೂರಿನಿಂದ ಮುಂಬೈಗಿಂತಲೂ ಹೆಚ್ಚು. ಗರಿಷ್ಠ ಅವಧಿ ತೊಂಬತ್ತು ಗಂಟೆ.

ಈ ಅಂಕಿಗಳನ್ನು ಭಾಗಿಸಿ ನೋಡಿ. 600 ಕಿಲೋಮೀಟರನ್ನು ನಲವತ್ತು ಗಂಟೆಯಿಂದ ಭಾಗಿಸಿದರೆ ಗಂಟೆಗೆ ಹದಿನೈದು ಕಿಲೋಮೀಟರು. ಊಟದ ಡಬ್ಬಿ ನೇತು ಹಾಕಿಕೊಂಡು ಕಾರ್ಖಾನೆಗೆ ಹೋಗುವವರ ವೇಗವೂ ಹೆಚ್ಚು ಕಡಿಮೆ ಅಷ್ಟೆ. ನಿದ್ದೆ, ಊಟ, ಪಂಕ್ಚರು ಎಲ್ಲವೂ ಆ ಅವಧಿಯೊಳಗೇ ಬರಬೇಕಾದ್ದರಿಂದ ತುಳಿಯುವಾಗ ಸ್ವಲ್ಪ ಹೆಚ್ಚಿನ ವೇಗ ಬೇಕು. ಆದರೂ ಅದು ಯಾರಿಗೂ ಎಟುಕದ ವೇಗವಲ್ಲ. ಕಷ್ಟವಿರುವುದು ವೇಗದಲ್ಲಿ ಅಲ್ಲ, ಬಿಡದೆ ಮುಂದುವರಿಯುವುದರಲ್ಲಿ.

ಅದಕ್ಕೆ ಹಿಡಿತ ಬೇಕು. ನಮ್ಮ ಯಕೃತ್ತು ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಪಿಷ್ಟ ಸುಮಾರು ನಾಲ್ಕುನೂರರಿಂದ ಐನೂರು ಗ್ರಾಂ. ಗ್ರಾಮಿಗೆ ನಾಲ್ಕು ಕಿಲೋಕ್ಯಾಲೊರಿಯಂತೆ ಹೆಚ್ಚೆಂದರೆ ಎರಡು ಸಾವಿರ. 200 ಕಿಲೋಮೀಟರು ತುಳಿಯಲು ನಾಲ್ಕು ಸಾವಿರಕ್ಕೂ ಹೆಚ್ಚು ಬೇಕು. ಮೈಯಲ್ಲಿ ಕೊಬ್ಬು ಇರುತ್ತದಾದರೂ ಅದು ಕರಗಿ ಶಕ್ತಿಯಾಗುವುದು ನಿಧಾನ. ಹುಮ್ಮಸ್ಸಿನಲ್ಲಿ ಮೊದಲೇ ಜೋರಾಗಿ ತುಳಿದವನ ಗ್ಲೈಕೋಜನ್ ಅರ್ಧ ದಾರಿಯಲ್ಲೇ ಬರಿದಾಗುತ್ತದೆ. ಕಣ್ಣು ಕತ್ತಲಿಟ್ಟು ಕಾಲು ಏಳುವುದಿಲ್ಲ. ಅನುಭವವಿದ್ದವರು ಹಸಿವಾಗುವ ಮೊದಲೇ ಬಾಳೆಹಣ್ಣು, ಕಡಲೆ ಮಿಠಾಯಿ ತಿನ್ನುತ್ತಾರೆ. ಬಾಯಾರುವ ಮೊದಲೇ ಉಪ್ಪು ಸಕ್ಕರೆ ಹಾಕಿದ ನಿಂಬೆ ಪಾನಕ ಕುಡಿಯುತ್ತಾರೆ. ನಿದ್ದೆ ಬಂದರೆ ಅರ್ಧ ಗಂಟೆ ಮಲಗುತ್ತಾರೆ. ಆ ವಿಶ್ರಾಂತಿ ಸವಾರಿಯ ಭಾಗವೇ.

ಕೀಮೋ ಸುತ್ತಿಗೆ ಆಸ್ಪತ್ರೆಗಳಲ್ಲಿ ‘ಸೈಕಲ್’ ಎಂದೇ ಹೇಳುತ್ತಾರೆ. ‘ಎಷ್ಟು ಸೈಕಲ್ ಆಯಿತು? ಇನ್ನೆಷ್ಟು ಬಾಕಿ?’ ಎಂದು ವರಾಂಡದಲ್ಲಿ ಕೂತವರು ಪರಸ್ಪರ ಕೇಳಿಕೊಳ್ಳುತ್ತಾರೆ. ಹಲವು ಚಿಕಿತ್ಸೆಗಳಲ್ಲಿ ಒಂದು ಸೈಕಲ್ ಎಂದರೆ ಇಪ್ಪತ್ತೊಂದು ದಿನ. ಕೆಲವು ದಿನ ಔಷಧಿ, ಉಳಿದ ದಿನ ಬಿಡುವು. ಔಷಧಿಯ ಪೆಟ್ಟಿಗೆ ಸಿಕ್ಕ ಅಸ್ಥಿಮಜ್ಜೆ ಚೇತರಿಸಿಕೊಂಡು ಬಿಳಿ ರಕ್ತಕಣಗಳನ್ನು ಮತ್ತೆ ತಯಾರಿಸಲಿ ಎಂದೇ ಆ ಬಿಡುವು. ಬಿಡುವಿನಲ್ಲಿ ಮಲಗಿರುವ ರೋಗಿ ಸೋಮಾರಿಯಲ್ಲ. ಅವನ ಮೂಳೆಯೊಳಗೆ ಕೆಲಸ ನಡೆಯುತ್ತಿರುತ್ತದೆ. ಮುಂದಿನ ಸುತ್ತಿನ ದಿನಾಂಕ ತಪ್ಪಿಸದೆ ಮತ್ತೆ ಆಸ್ಪತ್ರೆಗೆ ಹೋಗುವುದೇ ಅವನ ಪಾಲಿನ ದೂರದ ಸವಾರಿ.

ಮನೆಯಲ್ಲಿ ಆಡಬೇಕಾದ ಮಾತು

ಈ ಎರಡು ಜೀವನಗಳಿಂದ ವಿದ್ಯಾರ್ಥಿಗಳೂ ಪೋಷಕರೂ ಕೈಗೆ ತೆಗೆದುಕೊಳ್ಳಬಹುದಾದ ಸಂಗತಿಗಳು ಕೆಲವಿವೆ.

ಮೊದಲನೆಯದು ನಾಚಿಕೆಯ ವಿಷಯ. ವೃಷಣದ ಕ್ಯಾನ್ಸರ್ ಮುದುಕರ ಕಾಯಿಲೆಯಲ್ಲ. ಹದಿನೈದರಿಂದ ಮೂವತ್ತೈದರ ನಡುವಿನವರಲ್ಲೇ ಹೆಚ್ಚು. ಬರುವುದು ವಿರಳ, ಹೆದರಬೇಕಾಗಿಲ್ಲ. ಆದರೆ ನೋವಿಲ್ಲದ ಗಟ್ಟಿ ಗಂಟು, ಊತ ಅಥವಾ ಭಾರವಾದ ಅನುಭವವಾದರೆ ವೈದ್ಯರಿಗೆ ತೋರಿಸಬೇಕು. ಸ್ಕ್ಯಾನಿಂಗ್ ಮತ್ತು ರಕ್ತಪರೀಕ್ಷೆಯಿಂದ ಬೇಗನೆ ಗೊತ್ತಾಗುತ್ತದೆ. ಹೆಚ್ಚಿನ ಸಲ ಅದು ಕ್ಯಾನ್ಸರ್ ಆಗಿರುವುದೂ ಇಲ್ಲ. ಸೈಕಲ್ ತುಳಿಯುವುದರಿಂದ ಈ ಕಾಯಿಲೆ ಬರುತ್ತದೆ ಎನ್ನಲು ಆಧಾರವಿಲ್ಲ. ಹದಿನಾರರ ಹುಡುಗ ಇಂಥದ್ದನ್ನು ಅಮ್ಮನಿಗೆ ಹೇಳಲು ಸಂಕೋಚಪಡುತ್ತಾನೆ. ಅಪ್ಪಂದಿರು ತಾವಾಗಿಯೇ ಒಮ್ಮೆ ಈ ಮಾತೆತ್ತಿದರೆ ಆ ಸಂಕೋಚ ಕಳೆಯುತ್ತದೆ. ಹುಡುಗಿಯರ ವಿಷಯದಲ್ಲಿ ತಾಯಂದಿರೂ ಹಾಗೆಯೇ. ನೋವನ್ನು ಸಹಿಸುವುದು ಒಂದು ಗುಣ, ನೋವನ್ನು ಮುಚ್ಚಿಡುವುದು ಬೇರೆ. ಆರ್ಮ್‌ಸ್ಟ್ರಾಂಗ್‌ನ ಕ್ಯಾನ್ಸರ್ ಮಿದುಳಿನ ತನಕ ಹೋದದ್ದು ಈ ವ್ಯತ್ಯಾಸ ತಿಳಿಯದೆ.

ಎರಡನೆಯದು, ಚಿಕಿತ್ಸೆ ಮುಗಿಸಿ ಶಾಲೆಗೆ ಮರಳುವ ಮಕ್ಕಳ ವಿಷಯ. ಕ್ಯಾನ್ಸರ್ ಅಂಟುರೋಗವಲ್ಲ. ಜೊತೆಯಲ್ಲಿ ಕೂತರೆ, ಒಂದೇ ಡಬ್ಬಿಯಿಂದ ತಿಂದರೆ ಬರುವುದಿಲ್ಲ. ತಲೆಗೂದಲು ಉದುರಿದ ಹುಡುಗಿ ಟೋಪಿ ಹಾಕಿಕೊಂಡು ಬಂದರೆ ಅದನ್ನು ಎಳೆದು ನಗುವ ತುಂಟರಿಗೆ ಕೂದಲು ಯಾಕೆ ಉದುರುತ್ತದೆಂದು ಪಾಠದಲ್ಲೇ ವಿವರಿಸಬಹುದು. ಕಾರಣ ತಿಳಿದ ಮಕ್ಕಳು ನಗುವುದಿಲ್ಲ. ಆಕೆಗೆ ಸೋಂಕು ತಗಲುವ ಭಯ ಇರುವುದರಿಂದ ನೆಗಡಿ ಜ್ವರ ಇದ್ದವರೇ ದೂರ ಇರಬೇಕು. ಒಂದು ವರ್ಷ ಹಿಂದೆ ಬಿದ್ದರೆ ಅದನ್ನು ಫೇಲು ಎಂದು ಎಣಿಸಬಾರದು.

ಮೂರನೆಯದು ಸೈಕಲ್ಲಿನದೇ ವಿಷಯ. ಕಾಯಿಲೆಯಿಂದ ಎದ್ದವರು ಎಂದಿನಿಂದ, ಎಷ್ಟು ದೂರ ತುಳಿಯಬಹುದು ಎಂಬುದನ್ನು ಚಿಕಿತ್ಸೆ ಕೊಟ್ಟ ವೈದ್ಯರೇ ಹೇಳಬೇಕು. ಒಂದು ಕಾಲಕ್ಕೆ ಕ್ಯಾನ್ಸರ್ ರೋಗಿಗಳಿಗೆ ಪೂರ್ತಿ ವಿಶ್ರಾಂತಿ ಎಂದೇ ಹೇಳುತ್ತಿದ್ದರು. ಈಗ, ದೇಹ ಒಪ್ಪುವಷ್ಟು ನಡಿಗೆ, ವ್ಯಾಯಾಮ ಇದ್ದರೆ ದಣಿವು ಕಡಿಮೆಯಾಗುತ್ತದೆ ಎನ್ನುತ್ತಾರೆ. ಆರೋಗ್ಯವಾಗಿರುವ ಮಕ್ಕಳಿಗಂತೂ ಸೈಕಲ್ಲಿಗಿಂತ ಒಳ್ಳೆಯ ವ್ಯಾಯಾಮ ಕಡಿಮೆ. 2006–07ರಿಂದ ಹಲವು ವರ್ಷ ರಾಜ್ಯ ಸರ್ಕಾರ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಟ್ಟಿತು. ಅವುಗಳಲ್ಲಿ ಎಷ್ಟೋ ಈಗಲೂ ಮನೆಗಳ ಮೆಟ್ಟಿಲ ಕೆಳಗೆ ಧೂಳು ತಿನ್ನುತ್ತಿರಬಹುದು. ಹೊಸೂರು ರಸ್ತೆಯಲ್ಲಿ ಮಕ್ಕಳನ್ನು ಬಿಡುವುದು ಬೇಡ, ಅಲ್ಲಿನ ವಾಹನಗಳ ನಡುವೆ ಅದು ಕ್ಷೇಮವಲ್ಲ. ಒಳರಸ್ತೆಗಳಲ್ಲಿ, ಭಾನುವಾರ ಬೆಳಿಗ್ಗೆ, ದೊಡ್ಡವರೊಬ್ಬರು ಜೊತೆಗಿದ್ದು ಐದು ಕಿಲೋಮೀಟರಿನಿಂದ ಆರಂಭಿಸಬಹುದು. ಮುಂದಿನ ವಾರ ಆರು.

ಕಷ್ಟ ಮನುಷ್ಯನಿಗೆ ಬರದೆ ಮರಕ್ಕೆ ಬರುತ್ತದೆಯೆ ಎಂದು ಹಿರಿಯರು ಹೇಳುತ್ತಾರೆ. ಬಂದಾಗ ಯಾರಿಗೆ ಹೇಳಬೇಕು, ಎಷ್ಟು ತಡೆದುಕೊಳ್ಳಬೇಕು, ಎಲ್ಲಿ ಇಳಿದು ವಿಶ್ರಮಿಸಬೇಕು ಎಂಬುದನ್ನು ಕಲಿಸುವುದು ಮನೆಯ ಮತ್ತು ಶಾಲೆಯ ಕೆಲಸ. ಈ ವಾರ ಊಟಕ್ಕೆ ಕೂತಾಗ ಅಪ್ಪ ಅಮ್ಮಂದಿರು ಮಕ್ಕಳನ್ನು ಒಂದು ಮಾತು ಕೇಳಲಿ: ‘ಮೈಯಲ್ಲಿ ಏನಾದರೂ ತೊಂದರೆಯಾದರೆ ನಮಗೆ ಹೇಳಲು ನಿನಗೆ ಹೆದರಿಕೆಯಿದೆಯೆ?’ ಉತ್ತರ ಏನೇ ಬರಲಿ, ಗದರದೆ ಕೇಳಿಸಿಕೊಳ್ಳಲಿ.